ಪಾಸ್‌ವರ್ಡ್ ಸರಿ ಇದ್ದರೂ ‘ತಪ್ಪು’ ಅನ್ನುವ ಸರ್ವರ್: ಮೂರು ವರ್ಷ ಬಳಸಿದ ಮೇಲೆ

ಮಲ್ಪೆಯ ಮೀನು ವ್ಯಾಪಾರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನದೇ. ಬಂದರಿನಲ್ಲಿ ತೂಕ ಬರೆಯುವ ಹುಡುಗರ ಕೈಯಲ್ಲಿ ನಲವತ್ತು ಆಂಡ್ರಾಯ್ಡ್ ಟ್ಯಾಬ್ ಇವೆ, ಕಚೇರಿಯಲ್ಲಿ ಆರು ಐಪ್ಯಾಡ್. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಲು ಈ ಡಿವೈಸ್ ಮ್ಯಾನೇಜ್‌ಮೆಂಟ್ ಸರ್ವರ್ ತೆಗೆದುಕೊಂಡು ಮೂರು ವರ್ಷವಾಯಿತು. ನನ್ನ ಸಿಟ್ಟೆಲ್ಲ ಅದರ ಒಂದೇ ಪುಟದ ಮೇಲೆ: ಸರ್ಟಿಫಿಕೇಟ್ ಅಪ್‌ಲೋಡ್. ಇದು ನಮ್ಮ ಸರ್ವರೇ ಅಂತ ಟ್ಯಾಬ್‌ಗಳಿಗೆ ಖಾತ್ರಿ ಕೊಡುವ ಫೈಲೇ ಈ ಸರ್ಟಿಫಿಕೇಟ್.

ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಬದಲಿಸುವ ಕೆಲಸವನ್ನು ನಾನು ಜೂನ್‌ಗೇ ಇಟ್ಟುಕೊಂಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಟ್ಯಾಬ್‌ಗಳು ಕಪಾಟಿನಲ್ಲಿರುತ್ತವೆ, ಏನಾದರೂ ಎಡವಟ್ಟಾದರೂ ಯಾರ ಲೆಕ್ಕವೂ ನಿಲ್ಲುವುದಿಲ್ಲ.

ಕಳೆದ ಸಲ ಹೊಸ ಸರ್ಟಿಫಿಕೇಟ್ ಬಂತು. ಅದನ್ನೂ ಅದರ ಜೋಡಿಯಾದ ಗುಟ್ಟಿನ ಖಾಸಗಿ ಕೀಯನ್ನೂ ಸೇರಿಸಿ, ಪಾಸ್‌ವರ್ಡ್ ಹಾಕಿ ಮುಚ್ಚುವ ಪಿಎಫ್‌ಎಕ್ಸ್ ಫೈಲ್ ಮಾಡಿ ಹಾಕಿದೆ. ‘ಪಾಸ್‌ವರ್ಡ್ ತಪ್ಪಾಗಿದೆ’ ಅಂತು. ಮತ್ತೆ ಹಾಕಿದೆ, ಅದೇ ಮಾತು. ಚಿಹ್ನೆಗಳೆಲ್ಲ ಬೇಡ ಅಂತ ಬರೀ ಆರು ಅಕ್ಷರದ ಪಾಸ್‌ವರ್ಡ್ ಇಟ್ಟು ನೋಡಿದೆ. ಊಹೂಂ. ಸಪೋರ್ಟ್‌ಗೆ ಫೋನ್ ಮಾಡಿದರೆ, “ಸಾರ್, ಸ್ವಲ್ಪ ನೋಡಿ ಟೈಪ್ ಮಾಡಿ” ಅಂದರು. ಹೊರಗೆ ಜೋರು ಮಳೆ, ಗಂಟೆಗೊಮ್ಮೆ ಕರೆಂಟ್ ಹೋಗುತ್ತಿತ್ತು. ಹಾಗೇ ಎರಡು ದಿನ ಹೋಯಿತು.

ಕೊನೆಗೆ ಸಿಕ್ಕಿದ ಕಾರಣ ಇದು. ನನ್ನ ಲ್ಯಾಪ್‌ಟಾಪ್‌ನಲ್ಲಿ, ಈ ಫೈಲ್ ಮಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹೊಸ ಆವೃತ್ತಿ 3 ಬಂದು ಕೂತಿತ್ತು. ಅದು ಪಿಎಫ್‌ಎಕ್ಸ್ ಫೈಲಿಗೆ ತಾನಾಗಿಯೇ ಎಇಎಸ್-256 ಎಂಬ ಗೂಢಲಿಪಿಯ ಬೀಗ ಹಾಕುತ್ತದೆ. ಈ ಸರ್ವರ್ ಒಳಗಿರುವ ಹಳೆಯ ಜಾವಾ ತಂತ್ರಾಂಶಕ್ಕೆ ಆ ಬೀಗವೇ ಗೊತ್ತಿಲ್ಲ. ಬೀಗ ಗೊತ್ತಿಲ್ಲ ಅನ್ನುವ ಬದಲು ಕೀಲಿಯೇ ತಪ್ಪು ಅಂದರೆ ಯಾರಿಗೆ ತಾನೇ ತಿಳಿಯಬೇಕು? ಓಪನ್‌ಎಸ್‌ಎಸ್‌ಎಲ್ ಆಜ್ಞೆಗೆ, ಹಳೆಯ ಬೀಗ ಹಾಕುವ ‘ಲೆಗಸಿ’ ಆಯ್ಕೆ ಸೇರಿಸಿ ಫೈಲ್ ಮತ್ತೆ ಮಾಡಿದೆ. ಮೊದಲ ಸಲಕ್ಕೇ ಹೋಯಿತು. ನೀವೂ ಹೀಗೆ ಮಾಡಿದರೆ, ಅಪ್‌ಲೋಡ್ ಆದ ಕೂಡಲೇ ಆ ಫೈಲ್ ಅಳಿಸಿಬಿಡಿ. ಹಳೆಯ ಬೀಗ ಅಷ್ಟು ಗಟ್ಟಿಯದಲ್ಲ.

ಇನ್ನೊಂದು: ನಡುವಿನ ಸರ್ಟಿಫಿಕೇಟ್ (ನಮ್ಮದನ್ನು ಅದನ್ನು ಕೊಟ್ಟ ಸಂಸ್ಥೆಯ ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವಂಥದ್ದು) ಬಿಟ್ಟು ಹಾಕಿದರೂ ಈ ಪುಟ ಸುಮ್ನೆ ಒಪ್ಪಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಆಂಡ್ರಾಯ್ಡ್ ಟ್ಯಾಬ್‌ಗಳು ಮಾತ್ರ ಸರ್ವರನ್ನು ನಂಬುವುದಿಲ್ಲ. ಮೊದಲು ಸರ್ವರಿನದು, ಅದರ ಕೆಳಗೆ ನಡುವಿನದು, ಹೀಗೆ ಒಂದೇ ಫೈಲಲ್ಲಿ ಜೋಡಿಸಿ ಹಾಕಿ.

ಐಪ್ಯಾಡ್ ಇದ್ದವರು, ಸರ್ವರ್ ಅವುಗಳನ್ನು ಕರೆಯಲು ಬೇಕಾದ ಆಪಲ್ ಪುಶ್ ಸರ್ಟಿಫಿಕೇಟ್ ಮರೆಯಬೇಡಿ. ಅದರ ಆಯುಷ್ಯ ಒಂದೇ ವರ್ಷ. ಮೊದಲು ಯಾವ ಆಪಲ್ ಐಡಿಯಿಂದ ಮಾಡಿದ್ದಿರೋ ಅದರಿಂದಲೇ ನವೀಕರಿಸಬೇಕು. ಹೊಸದಾಗಿ ಮಾಡಿಸಿದರೆ ಪ್ರತಿ ಐಪ್ಯಾಡನ್ನೂ ಮತ್ತೆ ಸೇರಿಸುವ ಕೆಲಸ ಬೀಳುತ್ತದೆ. ನಾನು ಆ ಐಡಿಯನ್ನು ಕಚೇರಿಯ ಹೆಸರಲ್ಲೇ ಮಾಡಿ, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಇಷ್ಟು ಬೈದರೂ ಬಿಡಲು ಮನಸ್ಸಿಲ್ಲ. ಬೆಳಿಗ್ಗೆ ಐದೂವರೆಗೆ ಚಾ ಲೋಟ ಹಿಡಿದು ಡ್ಯಾಶ್‌ಬೋರ್ಡ್ ತೆರೆಯುತ್ತೇನೆ. ಬಂದರಿನಲ್ಲಿ ಟ್ಯಾಬ್‌ಗಳು ಒಂದೊಂದಾಗಿ ಎದ್ದ ಹಾಗೆ ಹಸಿರು ಚುಕ್ಕೆ ಮೂಡುತ್ತಾ ಹೋಗುತ್ತದೆ. ಒಂದು ದಿನ ಮೂವತ್ತೊಂಬತ್ತಕ್ಕೇ ನಿಂತಿತು. ಅಷ್ಟರಲ್ಲಿ ಫೋನ್: “ಅಣ್ಣಾ, ಟ್ಯಾಬ್ ನೀರಿಗೆ ಬಿತ್ತು.” “ಅಡ್ಡಿಲ್ಲ ಮಾರಾಯ, ಕಪಾಟಲ್ಲಿ ಒಂದು ಹೊಸದಿದೆ, ಕ್ಯೂಆರ್ ಸ್ಕ್ಯಾನ್ ಮಾಡು” ಅಂದೆ. ಚಾ ಮುಗಿಯುವುದರೊಳಗೆ ತೂಕದ ಆ್ಯಪ್, ವೈಫೈ, ಎಲ್ಲ ತಾನಾಗಿ ಬಂದು ಕೂತಿತ್ತು. ಮೀನಿನ ನೀರು ಮೆತ್ತಿದ ಕೈಯಲ್ಲಿ ಆ ಹುಡುಗ ಏನನ್ನೂ ಟೈಪ್ ಮಾಡಬೇಕಾಗಲಿಲ್ಲ. ನಮ್ಮಂಥ ಸಣ್ಣ ಕಚೇರಿಗೆ ಕೈಗೆಟುಕುವ ಬೆಲೆಯಲ್ಲಿ ಇಷ್ಟು ಸಿಗುವುದು ಕಡಿಮೆಯೇನಲ್ಲ, ಅಲ್ವಾ?

ಆದರೆ ನನ್ನ ಜೂನ್ ಲೆಕ್ಕ ಇನ್ನು ನಡೆಯುವುದಿಲ್ಲ. 2026ರ ಮಾರ್ಚ್ 15ರಿಂದ ಬ್ರೌಸರ್‌ಗಳೆಲ್ಲ ನಂಬುವ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಆಯುಷ್ಯ ಹೆಚ್ಚೆಂದರೆ 200 ದಿನ. 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಅಂದರೆ ಬಂಗುಡೆ ರಾಶಿ ಬೀಳುವ ದಿನಗಳಲ್ಲೂ ಈ ಪುಟ ತೆರೆಯಲೇಬೇಕು. ನಾನು ಹಾಕಿರುವ ಆವೃತ್ತಿಯಲ್ಲಿ ತಾನಾಗಿ ನವೀಕರಿಸುವ ಸೌಲಭ್ಯ ಇಲ್ಲ. ಅದಕ್ಕೇ ಈ ಸಲ ಸರ್ವರ್‌ಗೆ ಮೂರು ವರ್ಷದ ಬದಲು ಒಂದೇ ವರ್ಷಕ್ಕೆ ಹಣ ಕಟ್ಟಿದ್ದೇನೆ. ನನ್ನ ಅಂಕ ಐದರಲ್ಲಿ ಮೂರೂವರೆ.