ಅಮ್ಮನ ಹೆಬ್ಬೆಟ್ಟಿಗೆ ಬೀಗ: ಆಧಾರ್ ಬಯೋಮೆಟ್ರಿಕ್ ಲಾಕ್ ಬಳಸಿದ ಅನುಭವ

2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು, ಎಇಪಿಎಸ್ (ಆಧಾರ್ ಮತ್ತು ಬೆರಳಚ್ಚಿನಿಂದ ಬ್ಯಾಂಕ್ ಹಣ ತೆಗೆಯುವ ವ್ಯವಸ್ಥೆ) ಮೂಲಕ ಜನರ ಖಾತೆಯಿಂದ ಹಣ ತೆಗೆದಿದ್ದು ನೆನಪಿದೆ ಅಲ್ವಾ? ಅದರಲ್ಲಿ ಒಟಿಪಿ ಕೇಳೋದೇ ಇಲ್ಲ, ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಅಮ್ಮನೂ ಸೈಟಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಎಂಆಧಾರ್ ಆ್ಯಪ್‌ನಲ್ಲಿ ಅವರ ಬಯೋಮೆಟ್ರಿಕ್ ಲಾಕ್ ಮಾಡಿದೆ. ಖರ್ಚಿಲ್ಲ. ಐದು ನಿಮಿಷದ ಕೆಲಸ. ಲಾಕ್ ಆದ ಮೇಲೆ ಬೆರಳು, ಕಣ್ಣು, ಮುಖ ಯಾವುದೂ ನಡೆಯಲ್ಲ, ಒಟಿಪಿ ಮಾತ್ರ ಎಂದಿನಂತೆ ಬರುತ್ತದೆ.

ತೊಂದರೆ ಒಂದೇ. ರೇಷನ್ ಅಂಗಡಿಯಲ್ಲಿ ಅಮ್ಮ ಹೆಬ್ಬೆಟ್ಟು ಒರೆಸಿ ಒರೆಸಿ ಒತ್ತಿದರೂ ಯಂತ್ರ ಒಪ್ಪಲಿಲ್ಲ, ಹಿಂದೆ ಸಾಲು ಬೆಳೀತಿತ್ತು, ಕೊನೆಗೆ ನನಗೆ ಫೋನ್ ಮಾಡಿದರು. ಈಗ ಹೊರಡುವ ಮುಂಚೆ ನಾನೇ ತಾತ್ಕಾಲಿಕವಾಗಿ ತೆರೆದುಕೊಡುತ್ತೇನೆ, ಸ್ವಲ್ಪ ಹೊತ್ತಿಗೆ ಅದೇ ಮತ್ತೆ ಲಾಕ್ ಆಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇರಲೇಬೇಕು.

ಇನ್ನು ಲಾಡ್ಜಲ್ಲಿ, ಬಾಡಿಗೆ ಮನೆಗೆ ಸುಮ್ನೆ ಪೂರ್ತಿ ಜೆರಾಕ್ಸ್ ಕೊಡಬೇಡಿ. ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಬಯೋಮೆಟ್ರಿಕ್ ಲಾಕ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ ಸ್ಟಾರ್. ಅಪ್ಪ-ಅಮ್ಮನ ಫೋನಲ್ಲಿ ಈ ಭಾನುವಾರವೇ ಮಾಡಿಕೊಡಿ.