ಹಿತ್ತಲಿಗೆ ಯಾವ ಕೋಳಿ: ನಾಟಿಯಾ, ಕಡಕ್‌ನಾಥಾ, ಅಸೀಲಾ?

ಮೊದಲು ಒಂದು ಪ್ರಶ್ನೆ: ಮರಿ ಮಾಡಿಸೋರು ಯಾರು? ತಳಿ ಉಳಿಸೋ ಆಸೆ ಇದ್ದರೆ ಎಲ್ಲಾ ನಿಂತಿರೋದು ಇದರ ಮೇಲೆ.

ನಮ್ಮೂರ ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ತಾನೇ ಕಾವಿಗೆ ಕೂರುತ್ತದೆ. 21 ದಿನಕ್ಕೆ ಮರಿ. ಹದ್ದು ಬಂದರೆ ರೆಕ್ಕೆಯೊಳಗೆ ಮುಚ್ಚಿಕೊಳ್ಳುತ್ತದೆ. ಕಾವು, ಮರಿ ಅಂತ ತಿಂಗಳುಗಟ್ಟಲೆ ಹೋಗುವುದರಿಂದ ಮೊಟ್ಟೆ ಮಾತ್ರ ಕಮ್ಮಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. ಅಲ್ಲಿನ ಇದರ ಮಾಂಸಕ್ಕೆ 2018ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಚರ್ಮ, ಮಾಂಸ, ಮೂಳೆ ಎಲ್ಲಾ ಕಪ್ಪು. ಮೊಟ್ಟೆ ಕಪ್ಪಲ್ಲ, ಹಾಗಂತ ಮಾರೋರನ್ನು ನಂಬಬೇಡಿ! ಆದರೆ ಇದು ಕಾವಿಗೆ ಕೂರುವುದು ಅಪರೂಪ. ಇನ್‌ಕ್ಯುಬೇಟರ್ ಬೇಕು, ಇಲ್ಲವೇ ನಾಟಿ ಹೇಂಟೆಯ ಕೆಳಗೆ ಮೊಟ್ಟೆ ಇಡಬೇಕು. ಕೊನೆಗೆ ನಾಟಿ ಬೇಕೇ ಬೇಕು, ಅಲ್ವಾ?

ಅಸೀಲ್ ಕಾಳಗದ ಕೋಳಿ ತಳಿ, ನೋಡೋಕೆ ರಾಜಠೀವಿ. ಹೇಂಟೆ ಒಳ್ಳೆಯ ತಾಯಿ. ಆದರೆ ಹುಂಜಗಳನ್ನು ಬೇರೆ ಬೇರೆ ಗೂಡಿನಲ್ಲಿ ಇಡದಿದ್ದರೆ ರಕ್ತಪಾತವೇ. ಜಾಗ ಸಣ್ಣದಿದ್ದರೆ ಬೇಡ.

ಗಿರಿರಾಜ? ಬೆಂಗಳೂರಲ್ಲೇ ಅಭಿವೃದ್ಧಿಪಡಿಸಿದ ತಳಿ, ಮೈತೂಕ ಜಾಸ್ತಿ. ಹಳೆಯ ತಳಿ ಉಳಿಸೋರಿಗೆ ಅದಲ್ಲ.

ಹೊಸಬರು ನಾಟಿಯಿಂದ ಶುರು ಮಾಡಿ: ಒಂದು ಹುಂಜ, ಐದಾರು ಹೇಂಟೆ. ಹುಂಜವನ್ನು ಬೇರೆ ಊರಿಂದ ತನ್ನಿ, ಒಡಹುಟ್ಟಿದವು ಕೂಡಿದರೆ ಮರಿ ಸೊರಗುತ್ತವೆ. ಯಾವ ತಳಿಯಾದರೂ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ.