ಟಿಪಿಯು ಫಿಲಮೆಂಟ್, ಎರಡು ಮಳೆಗಾಲ, ಅಮ್ಮನ ಹಪ್ಪಳದ ಡಬ್ಬ

ಮೊದಲೇ ಹೇಳಿಬಿಡುತ್ತೇನೆ, ನಾನು ಟಿಪಿಯು, ಅಂದರೆ 3ಡಿ ಪ್ರಿಂಟರಿಗೆ ಹಾಕುವ ರಬ್ಬರಿನಂಥ ಪ್ಲಾಸ್ಟಿಕ್ ದಾರ (ಫಿಲಮೆಂಟ್), ತಗೊಂಡದ್ದು ಮೊಬೈಲ್ ಕವರ್ ಮಾಡಲಿಕ್ಕಲ್ಲ. ಒಂದು ಪೌಂಡ್, ಅಂದರೆ 454 ಗ್ರಾಂ ಒಳಗಿನ ಫೈಟಿಂಗ್ ರೋಬೋಟಿಗೆ ಬಾಡಿ ಮಾಡಲಿಕ್ಕೆ. ಕಿಲೋಗೆ 1,600 ರೂಪಾಯಿ ಕೊಟ್ಟೆ, ಕಪ್ಪು ಬಣ್ಣ, ಗಡಸುತನ 95ಎ. ಎರಡು ಮಳೆಗಾಲ ಕಳೆದು ಈಗ ನಾಲ್ಕನೇ ರೋಲ್ ನಡೆಯುತ್ತಾ ಉಂಟು. ಕಂಪನಿ ಹೆಸರು ಬೇಡ. ನನ್ನ ಜಗಳ ಇರುವುದು ಅವರ ಜೊತೆ ಅಲ್ಲ, ನಮ್ಮೂರ ಗಾಳಿಯ ಜೊತೆ.

ಮುಂಚೆ ಪಿಎಲ್‌ಎ ಎಂಬ ಗಡಸು ಪ್ಲಾಸ್ಟಿಕ್ಕಿನಲ್ಲಿ ಬಾಡಿ ಮಾಡುತ್ತಿದ್ದೆ. ನೋಡಲಿಕ್ಕೆ ಚಂದ, ಆದರೆ ಎದುರಿನವನ ಸ್ಟೀಲ್ ಬ್ಲೇಡ್ ಒಂದು ಸಲ ತಾಗಿದರೆ ಚಕ್ಕುಲಿ ಮುರಿದ ಹಾಗೆ ಚೂರು ಚೂರು. ಗೆಳೆಯನ ಶೆಡ್ಡಿನಲ್ಲಿ ಪಾಲಿಕಾರ್ಬೊನೇಟ್ ಹಾಳೆಯಿಂದ ಮಾಡಿದ ಪೆಟ್ಟಿಗೆಯೇ ನಮ್ಮ ಅಖಾಡ. ಪ್ರತಿ ಭಾನುವಾರ ಅದರ ಮೂಲೆಯಿಂದ ನನ್ನ ರೋಬೋಟನ್ನು ಗುಡಿಸಿ ಕವರಿಗೆ ತುಂಬಿ ಮನೆಗೆ ತರುವುದು ರೂಢಿಯಾಗಿತ್ತು.

ಟಿಪಿಯು ಬಾಡಿಗೆ ಅದೇ ಬ್ಲೇಡ್ ಬಡಿದ ದಿನ ನೆನಪುಂಟು. ರೋಬೋಟ್ ಮೇಲೆ ಹಾರಿತು, ಗೋಡೆಗೆ ಬಡಿಯಿತು, ಮಗುಚಿ ಬಿತ್ತು, ಮತ್ತೆ ಏನೂ ಆಗದ ಹಾಗೆ ಓಡತೊಡಗಿತು. ಎತ್ತಿ ನೋಡಿದರೆ ಮೂಲೆಯಲ್ಲಿ ತೊಗರಿಬೇಳೆಯಷ್ಟು ಒಂದು ಕಚ್ಚು, ಅಷ್ಟೇ! ಒಳಗೆ ಬ್ಯಾಟರಿ ಅಲುಗಿರಲಿಲ್ಲ, ಒಂದು ವೈರೂ ಕಿತ್ತು ಬಂದಿರಲಿಲ್ಲ. ಪಿಎಲ್‌ಎ ಗಟ್ಟಿ ನಿಲ್ಲಲು ಹೋಗಿ ಒಡೆಯುತ್ತದೆ, ಇದು ಬಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅವತ್ತು ರಾತ್ರಿ ಆ ಕಚ್ಚನ್ನು ಉಗುರಿನಲ್ಲಿ ಸವರುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಬಗ್ಗುವುದೇ ತೊಂದರೆಯೂ ಹೌದು. ಬ್ಲೇಡಿನ ಮೋಟಾರನ್ನು ನೇರ ಟಿಪಿಯುಗೆ ಸ್ಕ್ರೂ ಮಾಡಿದ್ದೆ. ಎರಡನೇ ಪೆಟ್ಟಿಗೆ ಮೌಂಟ್ ಓರೆಯಾಗಿ, ನನ್ನ ಬ್ಲೇಡ್ ನನ್ನದೇ ಬಾಡಿಯನ್ನು ಕೊಯ್ಯಿತು. ಗೆಳೆಯರು ಇನ್ನೂ ಆಡಿಕೊಳ್ಳುತ್ತಾರೆ. ಈಗ ಅಲ್ಲಿ ಅಲ್ಯೂಮಿನಿಯಂ ತಗಡು ಹಾಕಿದ್ದೇನೆ, ಸರಿಯಾಗಿದೆ.

ಮತ್ತೆ ಜೂನ್ ಬಂತು.

ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಕಡೆ, ಸ್ವರ್ಣಾ ನದಿಗೆ ಹತ್ತಿರ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ. ಭರಣಿಯ ಉಪ್ಪು ನೀರಾಗುತ್ತದೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಇನ್ನು ಫಿಲಮೆಂಟ್ ಯಾವ ಲೆಕ್ಕ? ಟಿಪಿಯು ಗಾಳಿಯಲ್ಲಿರುವ ನೀರನ್ನು ಕುಡಿಯುತ್ತದೆ. ಪ್ಯಾಕೆಟ್ ಮೇಲೆ 'ಒಣ ಜಾಗದಲ್ಲಿ ಇಡಿ' ಅಂತ ಬರೆದಿತ್ತು. ಜುಲೈಯಲ್ಲಿ ಉಡುಪಿಯಲ್ಲಿ ಒಣ ಜಾಗ ಎಲ್ಲಿದೆ ಅಂತ ಬರೆದವರೇ ಬಂದು ತೋರಿಸಬೇಕು.

ಪ್ಲಾಸ್ಟಿಕ್ ಕರಗಿ ಹೊರಬರುವ ನಾಝಲ್ 225 ಡಿಗ್ರಿಯಲ್ಲಿತ್ತು. ಪ್ರಿಂಟ್ ಶುರುವಾದದ್ದೇ ಪಟ್ ಪಟ್ ಪಟ್, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಒಳಗಿನ ನೀರು ಆವಿಯಾಗಿ ಗುಳ್ಳೆ ಒಡೆಯುವ ಸದ್ದು ಅದು. ಬಾಡಿ ತುಂಬಾ ಜೇಡರ ಬಲೆಯಂಥ ನೂಲು, ಮೈಯೆಲ್ಲ ಒರಟು. ಹೋಗಲಿ ಅಂತ ಅದನ್ನೇ ಜೋಡಿಸಿ ಆಡಿದೆ. ಹೊಡೆದಲ್ಲಿ ಪದರ ಪದರವಾಗಿ ಎದ್ದು ಬಂತು, ಪರೋಟ ಬಿಡಿಸಿದ ಹಾಗೆ. ಅವತ್ತು ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಬಿಸಿಲಿಗಿಡೋಣ ಅಂದರೆ ಬಿಸಿಲೆಲ್ಲಿ? ಒಣಗಿಸುವ ಬಾಕ್ಸ್ ತಂದೆ, 3,000 ರೂಪಾಯಿ ಮೇಲೆ ಹೋಯಿತು, ರೋಲಿಗಿಂತ ಅದೇ ದುಬಾರಿ. 50 ಡಿಗ್ರಿಯಲ್ಲಿ ಆರು ಗಂಟೆ ಇಡಬೇಕು. ಮೂರನೇ ಗಂಟೆಗೆ ಕರೆಂಟ್ ಹೋಗುತ್ತದೆ, ಬರುವಷ್ಟರಲ್ಲಿ ಒಣಗಿದ್ದು ಮತ್ತೆ ತೇವ. ಒಮ್ಮೆ ಮಾತ್ರ ಪೂರ್ತಿ ಒಣಗಿತು. ಅಡುಗೆ ಮನೆಯ ತಕ್ಕಡಿಯಲ್ಲಿ ಮುಂಚೆ ಮತ್ತು ನಂತರ ತೂಗಿದೆ, 7 ಗ್ರಾಂ ಕಮ್ಮಿ. ಏಳು ಗ್ರಾಂ ನೀರಿಗಾಗಿ ಇಷ್ಟೆಲ್ಲಾ ಒದ್ದಾಟ.

ಒಣಗಿಸಿದ್ದನ್ನು ಒಣಗಿದ ಹಾಗೇ ಇಡುವುದು ಹೇಗೆ ಎನ್ನುವುದೇ ದೊಡ್ಡ ತಲೆನೋವಾಯಿತು. ಜಿಪ್ ಕವರ್ ನೋಡಿದೆ, ಸಾಲಲಿಲ್ಲ. ನನ್ನ ಗೊಣಗಾಟ ಕೇಳಿ ಕೇಳಿ ಅಮ್ಮನಿಗೆ ಸಾಕಾಗಿತ್ತು. "ಎಂತ ಮಾರಾಯ, ಮೇ ತಿಂಗಳಲ್ಲಿ ಮಾಡಿದ ಹಲಸಿನ ಹಪ್ಪಳ ಆಟಿ ತಿಂಗಳ ಮಳೆಯಲ್ಲಿ ಹೇಗೆ ಗರಿಗರಿ ಇರುತ್ತದೆ ಅಂತ ಒಂದು ದಿನವಾದರೂ ಕೇಳಿದ್ದೀಯಾ?" ಅಂದರು. ಅಟ್ಟದಿಂದ ಹಳೇ ತಗಡಿನ ಡಬ್ಬ ಇಳಿಸಿ ಕೊಟ್ಟರು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಎಳೆದು, ಅದರ ಮೇಲೆ ಮುಚ್ಚಳ ಬಿಗಿಯಾಗಿ ಒತ್ತುವುದು. ಬೇಕಾದಷ್ಟೇ ತೆಗೆದು ತಕ್ಷಣ ಮುಚ್ಚುವುದು. ಅಷ್ಟೇ ಗುಟ್ಟು.

ಈಗ ನನ್ನ ಶನಿವಾರ ರಾತ್ರಿ ಹೀಗೆ. ಡಬ್ಬದ ತಳದಲ್ಲಿ ಬಟ್ಟೆ ಚೀಲ, ಅದರೊಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಕಾಳು. ತೇವ ಕುಡಿದು ಹಸಿರಾದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯುತ್ತೇನೆ. ಆ ಬಾಣಲೆ ಮತ್ತೆ ಅಡುಗೆಗೆ ಇಲ್ಲ, ಅಮ್ಮ ಹಿಡಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದಾರೆ. ಉರಿ ಜೋರು ಮಾಡಬೇಡಿ, ಕಾಳು ಕಪ್ಪಾದರೆ ಮುಗಿಯಿತು. ಮೆಲ್ಲಗೆ ಹಸಿರು ಹೋಗಿ ಕಿತ್ತಳೆ ಮರಳುವುದನ್ನು ನೋಡುವುದೇ ಒಂದು ಖುಷಿ. ಆರಿದ ಮೇಲೆ ಚೀಲಕ್ಕೆ, ಚೀಲ ಡಬ್ಬಕ್ಕೆ. ಬೆಳಿಗ್ಗೆ ಪ್ರಿಂಟ್ ಹಾಕಿ ಕಿವಿಗೊಟ್ಟು ಕೂರುತ್ತೇನೆ. ಸಾಸಿವೆ ಸಿಡಿಯದಿದ್ದರೆ ಅವತ್ತು ಟೀ ರುಚಿ ಜಾಸ್ತಿ.

ತಗೊಳ್ಳುವವರಿಗೆ ಎರಡು ಮಾತು. ಪ್ರಿಂಟರಿನ ತಟ್ಟೆಗೆ ಹಾಕುವ ಪಿಇಐ ಲೇಪದ ಶೀಟಿನ ಮೇಲೆ ಗ್ಲೂ ಸ್ಟಿಕ್ ಹಚ್ಚದೆ ಇದನ್ನು ಪ್ರಿಂಟ್ ಮಾಡಬೇಡಿ. ಎಷ್ಟು ಗಟ್ಟಿ ಅಂಟುತ್ತದೆ ಅಂದರೆ, ನನ್ನ ಶೀಟಿನ ಲೇಪವೇ ಕಿತ್ತು ಬಂತು. ಸ್ಪೀಡ್ ಸೆಕೆಂಡಿಗೆ 25–30 ಮಿಲಿಮೀಟರಿನಲ್ಲೇ ಇಡಿ, ಅವಸರ ಮಾಡಿದರೆ ಫಿಲಮೆಂಟ್ ತಳ್ಳುವ ಗೇರ್ ಚಕ್ರದ ಹತ್ತಿರ ಮಡಚಿಕೊಂಡು ಸಿಕ್ಕಿ ಬೀಳುತ್ತದೆ. ಕರಾವಳಿಯವರಾದರೆ ಅರ್ಧ ಕಿಲೋ ರೋಲ್ ಸಿಕ್ಕಿದರೆ ಅದನ್ನೇ ತಗೊಳ್ಳಿ, ಬೇಗ ಮುಗಿಯುತ್ತದೆ. ಗಟ್ಟಿ ಮುಚ್ಚಳದ ಡಬ್ಬ ಇಲ್ಲದವರು ಅಕ್ಟೋಬರ್ ತನಕ ತಡೆಯಿರಿ. ನಾನಂತೂ ನಾಲ್ಕು ಸ್ಟಾರ್ ಕೊಡುತ್ತೇನೆ.

ಈ ಸಲ ಹಲಸು ಜೋರು ಬಿಟ್ಟಿದೆ. ಅಮ್ಮ ಡಬ್ಬ ವಾಪಸ್ ಕೇಳಿದ್ದಾರೆ, ನಾಳೆ ಸಂತೆಕಟ್ಟೆ ಪೇಟೆಗೆ ಹೋಗಿ ಇನ್ನೊಂದು ತರಬೇಕು.